ಜವಾರಿ ಕರಿ ಹಂದಿಯೋ, ಬಿಳಿ ಯಾರ್ಕ್‌ಶೈರೋ? ನಾಲ್ಕು ಎಕರೆ ಹೊಲದವನ ಪ್ರಶ್ನೆ

ಮಲಪ್ರಭಾ_ದಂಡೆ · ಸವದತ್ತಿ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ಹೊಲ. ಸ್ವಲ್ಪ ಕಬ್ಬು, ಉಳಿದದ್ದು ಗೋವಿನಜೋಳ, ಹಿಂಗಾರಿಗೆ ಬಿಳಿಜೋಳ, ಕಡಲೆ. ಎರಡು ಎಮ್ಮೆ ಇವೆ. ಬೋರ್ ನೀರು ಬೇಸಿಗೆಯಲ್ಲಿ ದಿನ ಬಿಟ್ಟು ದಿನ.

ಹೊಲದ ಒಂದು ಮೂಲೆಯಲ್ಲಿ ಹಂದಿ ಸಾಕಬೇಕು ಅಂತಿದ್ದೇನೆ. ದೊಡ್ಡ ಫಾರ್ಮ್ ಅಲ್ಲ. ಮೂರು ಹೆಣ್ಣು, ಒಂದು ಗಂಡು. ಮನೆಮಂದಿಯೇ ನೋಡಿಕೊಳ್ಳುವಷ್ಟು. ಯಾರನ್ನು ಕೇಳಿದರೂ ‘ವಿದೇಶಿ ತಳಿ ಬಿಳಿ ಯಾರ್ಕ್‌ಶೈರ್ ತಗೋ, ಬೇಗ ತೂಕ ಬರುತ್ತೆ’ ಅನ್ನುತ್ತಾರೆ. ನನಗೆ ಜವಾರಿ ಕರಿ ಹಂದಿಯೇ ಬೇಕು. ನಮ್ಮ ಬಿಸಿಲಿಗೆ, ನಮ್ಮ ಮೇವಿಗೆ ಒಗ್ಗಿದ ಪ್ರಾಣಿ. ಎಲ್ಲಾ ಕಡೆ ಅಡ್ಡತಳಿಯಾಗಿ ಅಸಲಿ ಜವಾರಿ ಕಾಣುವುದೇ ಕಷ್ಟವಾಗಿದೆ. ಎತ್ತಿನಲ್ಲಿ ಖಿಲಾರಿ ಉಳಿಸಿಕೊಂಡವರಿದ್ದಾರೆ, ಹಂದಿಯಲ್ಲಿ ಯಾಕೆ ಬೇಡ?

ಮೂರು ಹಂದಿಯಿಂದ ಹಾಕಿದ ಖರ್ಚಾದರೂ ಹುಟ್ಟುತ್ತದಾ? ಅಸಲಿ ಮರಿ ಎಲ್ಲಿ ಸಿಗುತ್ತವೆ? ಅಕ್ಕಪಕ್ಕದ ಹೊಲದವರು ತಕರಾರು ತೆಗೆದರೆ ಏನು ಮಾಡುವುದು? ಅನುಭವ ಇದ್ದವರು ಹೇಳಿ. ಬೈಯುವವರು ಬೈಯಿರಿ, ಆದರೆ ಕಾರಣ ಕೊಟ್ಟು ಬೈಯಿರಿ.

ಬಿಳಿಜೋಳ · ಬಸವನ ಬಾಗೇವಾಡಿ

ಮೊದಲು ಮನೆಯಲ್ಲಿ ಒಪ್ಪಿಸಿ. ತಳಿ ಆಮೇಲೆ.

ಮಲಪ್ರಭಾ_ದಂಡೆ · ಸವದತ್ತಿ

ಅವ್ವ ಒಪ್ಪಿದ್ದಾಳೆ. ಅಪ್ಪ ಮಾತು ಬಿಟ್ಟಿದ್ದಾರೆ. ಅಂದರೆ ಅರ್ಧ ಒಪ್ಪಿಗೆ ಅಂತಲೇ ಲೆಕ್ಕ.

ಲೆಕ್ಕದ_ಮನುಷ್ಯ · ಚಿಕ್ಕೋಡಿ

ಕಾರಣ ಕೇಳಿದಿರಲ್ಲ, ತಗೊಳ್ಳಿ. ಯಾರ್ಕ್‌ಶೈರ್ ಒಂದು ಸೂಲಿಗೆ ಒಂಬತ್ತರಿಂದ ಹನ್ನೆರಡು ಮರಿ ಹಾಕುತ್ತದೆ. ಸರಿಯಾಗಿ ಮೇವು ಕೊಟ್ಟರೆ ಏಳೆಂಟು ತಿಂಗಳಿಗೆ 90-100 ಕಿಲೋ. ನಿಮ್ಮ ಜವಾರಿ ಹಂದಿ ಐದಾರು ಮರಿ ಹಾಕಿ, ವರ್ಷ ಪೂರ್ತಿ ತಿಂದು, 50 ಕಿಲೋ ಆಸುಪಾಸಿಗೆ ನಿಲ್ಲುತ್ತದೆ. ಅದೇ ಶೆಡ್, ಅದೇ ದುಡಿಮೆ. ಬರುವ ಮಾಂಸ ಕಾಲು ಪಾಲು.

ತಳಿ ಉಳಿಸುವುದು ಒಳ್ಳೆ ಕೆಲಸವೇ. ಆದರೆ ಅದು ಸರ್ಕಾರದ ಕೆಲಸ, ನಾಲ್ಕು ಎಕರೆಯವನ ಕೆಲಸ ಅಲ್ಲ.

ದ್ರಾಕ್ಷಿ_ತೋಟ · ತಿಕೋಟಾ

@ಲೆಕ್ಕದ_ಮನುಷ್ಯ ನಿಮ್ಮ ಲೆಕ್ಕದಲ್ಲಿ ಬಿಸಿಲು ಎಲ್ಲಿದೆ? ನಮ್ಮ ವಿಜಯಪುರ ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಹಂದಿಗೆ ಮೈ ಬೆವರುವುದಿಲ್ಲ. ಬಿಳಿ ಹಂದಿಗೆ ತೆಳು ಚರ್ಮ, ಬಿಸಿಲಿಗೆ ಬಿಟ್ಟರೆ ಕಿವಿ, ಬೆನ್ನು ಸುಟ್ಟು ಸಿಪ್ಪೆ ಏಳುತ್ತದೆ. ನಮ್ಮ ಸೋದರಮಾವನ ಶೆಡ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತಾ ಬಿದ್ದಿರುತ್ತವೆ. ಬಾನಿ ತುಂಬಾ ಮೇವು ಹಾಗೇ ಉಳಿದಿರುತ್ತದೆ. ತಿನ್ನದ ಹಂದಿ ಎಲ್ಲಿಂದ 100 ಕಿಲೋ ಆಗಬೇಕು?

ಇನ್ನೊಂದು ಮಾತು. ಆ ಸೆಕೆಯಲ್ಲಿ ಗಂಡಿನ ಬೀಜಕ್ಕೆ ಕಸುವು ಹೋಗುತ್ತದೆ. ಮಳೆ ಬಿದ್ದು ತಂಪಾದ ಮೇಲೂ ಒಂದೂವರೆ ತಿಂಗಳು ಗಬ್ಬ ಸರಿಯಾಗಿ ನಿಲ್ಲುವುದಿಲ್ಲ.

ಲೆಕ್ಕದ_ಮನುಷ್ಯ · ಚಿಕ್ಕೋಡಿ

ಸೆಕೆ ಕರಿ ಹಂದಿಗೂ ಸೆಕೆಯೇ. ಕರಿ ಚರ್ಮ ಸುಡುವುದಿಲ್ಲ, ನಿಜ. ಆದರೆ ಬೆವರು ಅದಕ್ಕೂ ಇಲ್ಲ. ಶೆಡ್ ಎತ್ತರ ಕಟ್ಟಿ, ಮೇಲೆ ಕಬ್ಬಿನ ರವದಿ ಹಾಕಿ, ಮಧ್ಯಾಹ್ನ ನೀರು ಚಿಮುಕಿಸಿ. ಬಿಳಿ ಹಂದಿಯೂ ಬದುಕುತ್ತದೆ.

ದ್ರಾಕ್ಷಿ_ತೋಟ · ತಿಕೋಟಾ

ನೀರು ಚಿಮುಕಿಸಲು ಬೋರ್ ದಿನ ಬಿಟ್ಟು ದಿನ ಅಂತ ಮೇಲೆಯೇ ಬರೆದಿದ್ದಾರೆ. ಓದಿ ಉತ್ತರ ಕೊಡಿ ಅಣ್ಣಾ.

ಕಾಡಂಚು · ಖಾನಾಪುರ

ನಾವು ಕರಿ ಹಂದಿ ಸಾಕುತ್ತಿದ್ದೇವೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ. ಓಣಿಯಲ್ಲಿ ತಿರುಗುವ ಕರಿ ಹಂದಿ ಎಲ್ಲಾ ಜವಾರಿ ಅಲ್ಲ. ಎಷ್ಟೋ ಹಂದಿಗಳಲ್ಲಿ ಎರಡು ಮೂರು ತಲೆಮಾರಿನ ಹಿಂದೆ ಯಾರ್ಕ್‌ಶೈರ್ ಸೇರಿದೆ. ಮರಿಗಳಲ್ಲಿ ಒಂದೆರಡು ಬಿಳಿ ಅಥವಾ ಮಚ್ಚೆಯವು ಬಂದರೆ ಅನುಮಾನ ಪಡಿ. ತಳಿಗೆ ದಾಖಲೆ ಕೊಡುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಬಂಗಾಳದ ಘುಂಗ್ರೂ, ನಾಗಾಲ್ಯಾಂಡಿನ ತೆನ್ಯಿ ವೊ, ಮೇಘಾಲಯದ ನಿಯಾಂಗ್ ಮೇಘಾ, ಉತ್ತರಪ್ರದೇಶದ ಘುರ್ರಾ ಎಲ್ಲಾ ಆ ಪಟ್ಟಿಯಲ್ಲಿವೆ. ನಮಗೆ ಹತ್ತಿರದ್ದು ಗೋವಾದ ಅಗೊಂಡಾ ಗೋವನ್. ಚೋರ್ಲಾ ಘಾಟ್ ಇಳಿದರೆ ಅದರ ಸೀಮೆ. ಕರಿ ಬಣ್ಣ, ಕೆಲವಕ್ಕೆ ಕಾಲಲ್ಲಿ ಮುಖದಲ್ಲಿ ಬಿಳಿ. ಓಲ್ಡ್ ಗೋವಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಅದರ ಮೇಲೆ ಕೆಲಸ ಮಾಡಿದ್ದಾರೆ. ಒಮ್ಮೆ ಅಲ್ಲಿ ಹೋಗಿ ಕಣ್ಣಲ್ಲಿ ನೋಡಿ ಬನ್ನಿ. ಆಮೇಲೆ ನಮ್ಮ ಕಡೆ ಹಂದಿ ಆರಿಸುವಾಗ ಕಣ್ಣು ಪಳಗಿರುತ್ತದೆ.

ಎರಡನೆಯದು, ಜವಾರಿ ಹಂದಿಯ ತಾಯ್ತನ. ಲೆಕ್ಕದಲ್ಲಿ ಕಾಣದ ವಿಷಯ ಇದು. ಗಬ್ಬ 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಟ್ಟುಕೊಳ್ಳಿ. ಈಯುವ ಹಿಂದಿನ ದಿನ ನೋಡಬೇಕು. ಬಾಯಲ್ಲಿ ಜೋಳದ ಕಣಿಕೆ ಕಚ್ಚಿಕೊಂಡು ಬರುತ್ತದೆ, ಮೂಲೆಯಲ್ಲಿ ಒಟ್ಟುತ್ತದೆ, ಮುಂಗಾಲಿನಿಂದ ಕೆದರಿ ನಡುವೆ ಗುಂಡಿ ಮಾಡುತ್ತದೆ, ತಿರುಗಿ ನೋಡಿ ಮನಸ್ಸಿಗೆ ಬರದಿದ್ದರೆ ಮತ್ತೆ ಕಿತ್ತು ಹಾಕುತ್ತದೆ. ಮೊಲೆ ಹಿಂಡಿದರೆ ಹಾಲಿನ ಹನಿ ಬಂದರೆ ಅವತ್ತು ರಾತ್ರಿಯೊಳಗೆ ಈಯುವುದು ಖಚಿತ. ಮಲಗುವಾಗ ಧೊಪ್ಪನೆ ಬೀಳುವುದಿಲ್ಲ. ಮೊದಲು ಮೊಣಕಾಲೂರಿ, ಗೊರ್ ಗೊರ್ ಅಂತ ಮರಿಗಳನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಮೆಲ್ಲಗೆ ಒರಗುತ್ತದೆ. ಭಾರೀ ಮೈಯ ಬಿಳಿ ಹಂದಿಯ ಕೆಳಗೆ ಸಿಕ್ಕಿ ಸಾಯುವ ಮರಿಗಳನ್ನು ಲೆಕ್ಕ ಹಾಕಿದರೆ ಹನ್ನೆರಡರ ಸಂತೋಷ ಸ್ವಲ್ಪ ಇಳಿಯುತ್ತದೆ.

ಹುಟ್ಟಿದ ಎರಡು ಮೂರು ದಿನದಲ್ಲಿ ಒಂದೊಂದು ಮರಿ ಒಂದೊಂದು ಮೊಲೆ ಹಿಡಿದು ಬಿಡುತ್ತದೆ. ಆಮೇಲೆ ಹಾಲು ಬಿಡಿಸುವವರೆಗೂ ಅದೇ ಮೊಲೆ. ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ, ಜೋರು ಮರಿ ಅಲ್ಲಿ ಜಾಗ ಹಿಡಿಯುತ್ತದೆ. ಬಡಕಲು ಮರಿಯನ್ನು ಮೊದಲ ದಿನವೇ ಕೈಯಿಂದ ಮುಂದಿನ ಮೊಲೆಗೆ ಹಚ್ಚಿ. ತಡ ಮಾಡಿದರೆ ಬೇರೆಯವು ಬಿಟ್ಟುಕೊಡುವುದಿಲ್ಲ.

ಇಳಕಲ್_ಸೆರಗು · ಹುನಗುಂದ

ಹಂದಿ ಪೋಸ್ಟ್ ಅಂತ ದಾಟಿ ಹೋಗುತ್ತಿದ್ದೆ. ಮೊಲೆಯ ಜಾಗದ ಜಗಳ ಓದಿ ನಿಂತೆ. ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರ ಹೊಲದ ಪಾಲು ಇದಕ್ಕಿಂತ ಕೆಟ್ಟದಾಗಿ ಆಯಿತು.

ಹಳೇ_ಕಸುಬು · ಗೋಕಾಕ

ಓದುತ್ತಾ ನಗು ಬಂತು. ಸ್ವಲ್ಪ ಸಿಟ್ಟೂ ಬಂತು.

ತಲೆತಲಾಂತರದಿಂದ ಹಂದಿ ಸಾಕಿದ ಮನೆ ನಮ್ಮದು. ಊರ ಹೊರಗೆ ನಾವು, ನಮ್ಮ ಹೊರಗೆ ಹಂದಿ. ಶಾಲೆಯಲ್ಲಿ ‘ಹಂದಿಯವರ ಹುಡುಗ’ ಅಂತಲೇ ನನ್ನ ಹೆಸರು. ಹಂದಿ ಹೊಲಕ್ಕೆ ನುಗ್ಗಿದರೆ ಹೊಡೆತ ನಮಗೆ. ಪಟ್ಟಣದಲ್ಲಿ ಹಂದಿ ಹಿಡಿಯುವ ಗಾಡಿ ಬಂದರೆ ನಷ್ಟವೂ ನಮಗೆ. ಈಗ ಅದೇ ಹಂದಿಗೆ ದೇಸಿ ತಳಿ, ಪರಂಪರೆ ಅಂತ ಹೊಸ ಅಂಗಿ ತೊಡಿಸಿ ಜಾಸ್ತಿ ರೇಟು ಕೇಳುವವರು ಬಂದಿದ್ದಾರೆ. ಬರಲಿ. ಆದರೆ ಇಷ್ಟು ದಿನ ಈ ತಳಿ ಉಳಿದಿದ್ದರೆ ಅದು ಕೊರಮರು, ಹಂದಿಜೋಗಿಗಳು, ವಡ್ಡರ ಕೈಯಲ್ಲಿ ಉಳಿದಿದೆ. ಸರ್ಕಾರವೂ ಉಳಿಸಿಲ್ಲ, ನಾಲ್ಕು ಎಕರೆಯವರೂ ಉಳಿಸಿಲ್ಲ.

@ಮಲಪ್ರಭಾ_ದಂಡೆ ಇದು ನಿಮ್ಮ ಮೇಲಿನ ಸಿಟ್ಟಲ್ಲ. ಮರಿ ಎಲ್ಲಿ ಸಿಗುತ್ತದೆ ಅಂದಿರಲ್ಲ, ಇವರ ಹಟ್ಟಿಗಳಲ್ಲೇ ಸಿಗುತ್ತದೆ. ಹೋಗಿ ಕೂತು ಮಾತಾಡಿ, ಚಹಾ ಕುಡಿಯಿರಿ, ಚೌಕಾಸಿ ಮಾಡಬೇಡಿ. ಆರಿಸುವ ಬಗೆ ಹೇಳುತ್ತೇನೆ. ಮರಿ ನೋಡುವ ಮೊದಲು ತಾಯಿ ನೋಡಿ. ಎರಡನೇ ಸೂಲಿನದೋ ಮೂರನೇ ಸೂಲಿನದೋ ಮರಿ ತಗೊಳ್ಳಿ. ಹೆಣ್ಣಿಗೆ ಕನಿಷ್ಠ ಹನ್ನೆರಡು ಮೊಲೆ ಇರಬೇಕು, ಎರಡೂ ಸಾಲು ಸಮ ಇರಬೇಕು, ಹಾಲು ಬರದ ಕುರುಡು ಮೊಲೆ ಒಂದೂ ಇರಬಾರದು. ಕಾಲು ನೆಟ್ಟಗಿರಬೇಕು. ಜನ ಕಂಡರೆ ಮೈಮೇಲೆ ಬರುವ ತಾಯಿಯ ಮರಿ ಬೇಡ. ಮೂರು ಹೆಣ್ಣು ಒಂದೇ ತಾಯಿಯದಾದರೂ ಪರವಾಗಿಲ್ಲ, ಗಂಡು ಮಾತ್ರ ಬೇರೆ ಊರಿನದಿರಲಿ.

ಮಲಪ್ರಭಾ_ದಂಡೆ · ಸವದತ್ತಿ

@ಹಳೇ_ಕಸುಬು ನೀವು ಹೇಳಿದ್ದರಲ್ಲಿ ಒಂದು ಮಾತೂ ತಳ್ಳಿಹಾಕುವಂಥದ್ದಲ್ಲ. ಗೋಕಾಕ ಕಡೆ ಬಂದರೆ ಹಂದಿ ಆರಿಸಲು ಜೊತೆಗೆ ಬರುತ್ತೀರಾ? ದಿನಗೂಲಿ ಕೊಡುತ್ತೇನೆ.

ಹಳೇ_ಕಸುಬು · ಗೋಕಾಕ

ಬರುತ್ತೇನೆ. ಕೂಲಿ ಬೇಡ ಅನ್ನುವುದಿಲ್ಲ.

ನಮ್ಮೂರು_ಚಂದ · ರಾಮದುರ್ಗ

ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ. ಪಕ್ಕದ ಹೊಲದವನಿಗೆ ವಾಸನೆ, ನೊಣ. ನಿಮ್ಮ ಹವ್ಯಾಸಕ್ಕೆ ಅವನು ಯಾಕೆ ಮೂಗು ಮುಚ್ಚಬೇಕು? ನಮ್ಮೂರಲ್ಲಿ ಒಬ್ಬರು ಶುರು ಮಾಡಿದ್ದರು. ಪಂಚಾಯ್ತಿವರೆಗೂ ಹೋಗಿ, ಹಬ್ಬದ ದಿನ ಜಗಳವಾಗಿ, ಕೊನೆಗೆ ಮಾರಿದರು. ಮೇಲಾಗಿ ಎಲ್ಲಾ ಥರದ ಜನ ಇರುವ ಊರು. ಕೆಲವರಿಗೆ ಹಂದಿ ಕಂಡರೆ ಆಗುವುದಿಲ್ಲ.

ಕಾಡಂಚು · ಖಾನಾಪುರ

ವಾಸನೆ ಬರುವುದು ಹಂದಿಯಿಂದ ಅಲ್ಲ, ನಿಂತ ಗಂಜಲದಿಂದ. ಜಾಗ ಕೊಟ್ಟರೆ ಹಂದಿ ಮಲಗುವ ಕಡೆ ಹೇಲುವುದಿಲ್ಲ, ಒಂದೇ ಮೂಲೆ ಹಿಡಿಯುತ್ತದೆ. ಆ ಮೂಲೆಯಲ್ಲೇ ನೀರಿನ ತೊಟ್ಟಿ ಇಡಿ. ತೇವ ಇದ್ದ ಕಡೆಯೇ ಅದಕ್ಕೆ ಪಾಯಿಖಾನೆ. ದಿನಾ ಬೆಳಿಗ್ಗೆ ಎತ್ತಿ ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿ. ನಾಲ್ಕು ಹಂದಿಯ ಹೇಲು ಎರಡು ಎಮ್ಮೆಯ ಸಗಣಿಗಿಂತ ಜಾಸ್ತಿಯೇನೂ ಅಲ್ಲ.

ದ್ರಾಕ್ಷಿ_ತೋಟ · ತಿಕೋಟಾ

ಕೆಳಗೆ ಮರದ ಹೊಟ್ಟು, ಕಬ್ಬಿನ ಸಿಪ್ಪೆ ದಪ್ಪಗೆ ಹಾಸುವ ಪದ್ಧತಿಯೂ ಇದೆಯಲ್ಲ? ತೊಳೆಯುವ ಕೆಲಸವೇ ಇಲ್ಲ, ನೀರೂ ಉಳಿಯುತ್ತದೆ.

ದನದ_ಡಾಕ್ಟರ್ · ಅಥಣಿ

ಆ ಹಾಸು ಒಳಗೇ ಕೊಳೆತು ಬಿಸಿಯಾಗುತ್ತದೆ. ಮಳೆಗಾಲ, ಚಳಿಗಾಲಕ್ಕೆ ಚೆನ್ನಾಗಿದೆ. ನಮ್ಮ ಬೇಸಿಗೆಯಲ್ಲಿ ಮೇಲಿಂದ ಬಿಸಿಲು, ಕೆಳಗಿಂದ ಹಾಸಿನ ಕಾವು. ಫೆಬ್ರುವರಿ ಮುಗಿಯುತ್ತಲೇ ತೆಗೆದು ಕಬ್ಬಿಗೆ ಹಾಕಿ. ಬೇಸಿಗೆಗೆ ಗಟ್ಟಿ ನೆಲ, ಬೇವಿನ ನೆರಳು, ಹೊರಳಾಡಲು ಒಂದು ಕೆಸರು ಗುಂಡಿ ಇದ್ದರೆ ಸಾಕು.

ಬಂದಿದ್ದೇನೆ, ರೋಗದ ಬಗ್ಗೆಯೂ ಬರೆದುಬಿಡುತ್ತೇನೆ. ಇಷ್ಟು ಮಾತಾಡಿದಿರಿ, ಒಬ್ಬರೂ ಅದನ್ನು ಎತ್ತಲಿಲ್ಲ.

ಆಫ್ರಿಕನ್ ಹಂದಿ ಜ್ವರ. ನಮ್ಮ ದೇಶದಲ್ಲಿ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಾಣಿಸಿತು. 2022ರ ಜುಲೈನಲ್ಲಿ ನಮ್ಮ ಗಡಿಗೆ ಅಂಟಿದ ವಯನಾಡಿಗೂ ಬಂತು. ಔಷಧ ಇಲ್ಲ. ಬಂದರೆ ಹೆಚ್ಚುಕಮ್ಮಿ ಎಲ್ಲಾ ಹಂದಿ ಸಾಯುತ್ತವೆ. ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನು ಸರ್ಕಾರವೇ ಕೊಲ್ಲಿಸುತ್ತದೆ. ಅದಕ್ಕೆ ಪರಿಹಾರ ಉಂಟು. ನಿಮ್ಮದು ಜವಾರಿ ಅಂತ ಈ ರೋಗ ಬಿಡುವುದಿಲ್ಲ. ಮನುಷ್ಯರಿಗೆ ಬರುವುದಿಲ್ಲ, ಆ ಗಾಬರಿ ಬೇಡ. ಹರಡುವುದು ಹೇಗೆ? ಹೊಸ ಹಂದಿ, ಗಾಡಿಯ ಚಕ್ರ, ವ್ಯಾಪಾರಿಯ ಚಪ್ಪಲಿ, ಎಲ್ಲಕ್ಕಿಂತ ಹೆಚ್ಚಾಗಿ ಹೋಟೆಲ್ ಮುಸುರೆಯಲ್ಲಿರುವ ಹಂದಿ ಮಾಂಸದ ಚೂರು. ಮುಸುರೆ ಹಾಕುವುದಾದರೆ ಅರ್ಧ ಗಂಟೆ ಕುದಿಸಿ ಆರಿಸಿ ಹಾಕಿ. ಕುದಿಸಲು ಬೇಜಾರಾದರೆ ಹಾಕಲೇಬೇಡಿ.

ಹಳೆಯ ಹಂದಿ ಜ್ವರ ಬೇರೆ. ಅದಕ್ಕೆ ಲಸಿಕೆ ಇದೆ, ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತದೆ. ಮರಿಗೆ ಎರಡು ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ. ಕಾಲುಬಾಯಿ ಲಸಿಕೆಯಲ್ಲೂ ಹಂದಿ ಸೇರಿದೆ. ಊರಿಗೆ ಬಂದಾಗ ಎಮ್ಮೆ ಜೊತೆ ಹಂದಿಗೂ ಕೇಳಿ.

ನಮ್ಮೂರು_ಚಂದ · ರಾಮದುರ್ಗ

ಮತ್ತೆ ಹಂದಿಯಿಂದ ಮಿದುಳಿಗೆ ಹುಳ ಬರುತ್ತದಲ್ಲ ಡಾಕ್ಟ್ರೇ, ಅದನ್ನು ಯಾಕೆ ಬಿಟ್ಟಿರಿ?

ದನದ_ಡಾಕ್ಟರ್ · ಅಥಣಿ

ಬಿಟ್ಟಿಲ್ಲ, ಬರೆಯುತ್ತಿದ್ದೆ. ಲಾಡಿಹುಳದ ದಾರಿ ಹೀಗೆ. ಹುಳ ಇರುವುದು ಮನುಷ್ಯನ ಕರುಳಿನಲ್ಲಿ. ಅವನು ಬಯಲಿಗೆ ಹೋದರೆ ಮೊಟ್ಟೆ ಅಲ್ಲಿ ಬೀಳುತ್ತದೆ. ಅಡ್ಡಾಡುವ ಹಂದಿ ಅದನ್ನು ತಿನ್ನುತ್ತದೆ. ಅದರ ಮಾಂಸದಲ್ಲಿ ಅಕ್ಕಿಕಾಳಿನಂಥ ಗುಳ್ಳೆ ಆಗುತ್ತದೆ. ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಮತ್ತೆ ಹುಳ. ಮಿದುಳಿಗೆ ಬರುವುದು ಮಾಂಸದಿಂದ ಅಲ್ಲ, ಆ ಮೊಟ್ಟೆಯಿಂದ. ತೊಳೆಯದ ಕೊತ್ತಂಬರಿ, ಮೂಲಂಗಿಯಲ್ಲೂ ಆ ಮೊಟ್ಟೆ ಇರಬಹುದು. ಹಾಗಾಗಿ ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಬರುತ್ತದೆ. ಶೌಚಾಲಯ ಇರುವ ಮನೆ, ಬೇಲಿಯೊಳಗಿನ ಹಂದಿ, ಚೆನ್ನಾಗಿ ಬೆಂದ ಮಾಂಸ. ಇಷ್ಟಿದ್ದರೆ ಆ ದಾರಿ ಅಲ್ಲಿಗೇ ಕಡಿಯುತ್ತದೆ. ಬೈಯುವುದಾದರೆ ಬಯಲಿಗೆ ಹೋಗುವ ಮನುಷ್ಯನನ್ನು ಬೈಯಿರಿ.

ಹಳೇ_ಕಸುಬು · ಗೋಕಾಕ

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಬೇಕು.

ಗಾಣದ_ಮನೆ · ಮಹಾಲಿಂಗಪುರ

ಮೇವಿನ ಲೆಕ್ಕಕ್ಕೆ ಬರೋಣ. ಮಾರ್ಕೆಟ್ಟಿನ ಚೀಲದ ಫೀಡ್ ತಂದು ಜವಾರಿ ಹಂದಿ ಸಾಕಿದರೆ ಮುಳುಗುವುದು ಖಂಡಿತ. ಇಲ್ಲಿ @ಲೆಕ್ಕದ_ಮನುಷ್ಯ ಹೇಳಿದ್ದೇ ಸರಿ. ಜವಾರಿ ಹಂದಿಯ ಲಾಭ ಇರುವುದು ಮನೆಯಲ್ಲಿ ಬಿದ್ದುಹೋಗುವುದನ್ನು ಮಾಂಸ ಮಾಡುವುದರಲ್ಲಿ.

ನಮ್ಮದು ಬೆಲ್ಲದ ಸೀಮೆ. ಕಾಕಂಬಿ, ಬೆಲ್ಲ ಕಾಯಿಸುವಾಗ ಬರುವ ಮಡ್ಡಿ, ಕಬ್ಬಿನ ರಸ ಎಲ್ಲಾ ಹಂದಿಗೆ ಸೇರುತ್ತದೆ. ಆದರೆ ಕಾಕಂಬಿ ಮೇವಿನಲ್ಲಿ ಶೇಕಡಾ 20ರ ಒಳಗೇ ಇರಲಿ. ಜಾಸ್ತಿಯಾದರೆ ಭೇದಿ. ಸಿಹಿಯಿಂದ ಕೊಬ್ಬು ಬರುತ್ತದೆ, ಮೈ ಬೆಳೆಯುವುದಿಲ್ಲ. ಅದಕ್ಕೆ ಶೇಂಗಾ ಹಿಂಡಿಯೋ ಸೋಯಾವೋ ಬೇಕೇಬೇಕು. ಬೈಲಹೊಂಗಲ ಕಡೆ ಸೋಯಾ ಬೇಕಾದಷ್ಟು ಸಿಗುತ್ತದೆ. ಹಸಿ ಸೋಯಾ ಮಾತ್ರ ಹಾಕಬೇಡಿ. ಹುರಿದು ಅಥವಾ ಬೇಯಿಸಿ ಹಾಕಿ, ಇಲ್ಲದಿದ್ದರೆ ಹಂದಿಗೆ ಅರಗುವುದಿಲ್ಲ. ಬಿಳಿಜೋಳ ಗೋವಿನಜೋಳಕ್ಕೆ ಹೆಚ್ಚುಕಮ್ಮಿ ಸಮ. ಇಡೀ ಕಾಳು ಹಾಕಿದರೆ ಹಾಗೇ ಹೊರಗೆ ಬರುತ್ತದೆ, ನುಚ್ಚು ಮಾಡಿ ಹಾಕಿ. ಬೂಸು ಹಿಡಿದ ಗೋವಿನಜೋಳ ‘ಹಂದಿಗೆ ತಾನೇ’ ಅಂತ ಹಾಕಬೇಡಿ. ಗಬ್ಬದ ಹಂದಿಗೆ ಅದು ವಿಷ.

ಕಾಡಂಚು · ಖಾನಾಪುರ

ಗೆಣಸು ಮರೆತಿರಿ. ಬೆಳಗಾವಿ ತಾಲ್ಲೂಕಿನಲ್ಲಿ ಗೆಣಸು ಕೀಳುವ ಕಾಲಕ್ಕೆ ಸಣ್ಣ, ಕತ್ತರಿಸಿದ ಗೆಣಸು ಕಡಿಮೆ ದುಡ್ಡಿಗೆ ಸಿಗುತ್ತದೆ. ಬೇಯಿಸಿ ಹಾಕಿ. ಬಳ್ಳಿ ಹಸಿಯಾಗೇ ತಿನ್ನುತ್ತವೆ. ನಮ್ಮ ಹಂದಿಗಳು ಗೆಣಸಿನ ಚೀಲದ ಸಪ್ಪಳ ಗುರುತಿಸುತ್ತವೆ.

ದನದ_ಡಾಕ್ಟರ್ · ಅಥಣಿ

ಒಂದು ಸೇರಿಸುತ್ತೇನೆ. ಮದುವೆ ಮನೆಯ ಉಪ್ಪಿನಕಾಯಿ, ಹಪ್ಪಳ, ಸಾರು ಒಟ್ಟಿಗೆ ಸುರಿದು, ಆ ದಿನ ನೀರೂ ಕಡಿಮೆಯಾದರೆ ಉಪ್ಪಿನ ವಿಷ ಏರುತ್ತದೆ. ಹಂದಿ ಸುತ್ತು ಹಾಕುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಫಿಟ್ಸ್ ಬರುತ್ತದೆ. ಆಗ ಒಮ್ಮೆಲೇ ಬಕೆಟ್ ನೀರು ಇಟ್ಟರೆ ಇನ್ನೂ ಬೇಗ ಸಾಯುತ್ತದೆ. ಸ್ವಲ್ಪ ಸ್ವಲ್ಪವೇ ಕುಡಿಸಿ, ಡಾಕ್ಟರಿಗೆ ಫೋನ್ ಮಾಡಿ. ಹಾಲು ಕುಡಿಸುವ ತಾಯಿಗೆ ದಿನಕ್ಕೆ 20 ಲೀಟರ್ ನೀರು ಬೇಕು. ದಿನ ಬಿಟ್ಟು ದಿನದ ಬೋರ್ ಇದ್ದರೆ ಒಂದು ಟ್ಯಾಂಕ್ ಕಟ್ಟಿ, ಆಮೇಲೆ ಹಂದಿ ತನ್ನಿ.

ಮುಧೋಳ_ಹುಡುಗ · ಮುಧೋಳ

ಕಾವಲಿಗೆ ಒಂದು ಮುಧೋಳ ನಾಯಿ ಇಟ್ಟುಕೊಳ್ಳಿ. ತಳಿ ಉಳಿಸುವುದಾದರೆ ಎರಡೂ ಉಳಿಯಲಿ.

ದ್ರಾಕ್ಷಿ_ತೋಟ · ತಿಕೋಟಾ

ಅದು ಮೊಲ ಅಟ್ಟುವ ನಾಯಿ ಮಾರಾಯ. ಓಡುವುದು ಕಂಡರೆ ಹಿಂದೆ ಬೀಳುತ್ತದೆ. ಹಂದಿಮರಿ ದಿನವಿಡೀ ಓಡುತ್ತವೆ. ಮುಂದಿನದು ನೀವೇ ಊಹಿಸಿ.

ಮುಧೋಳ_ಹುಡುಗ · ಮುಧೋಳ

ಮರಿಯಿಂದ ಜೊತೆಗೆ ಬೆಳೆಸಿದರೆ ಏನೂ ಮಾಡುವುದಿಲ್ಲ. ನಮ್ಮ ನಾಯಿಗೆ ಅಂಚೆಚೀಟಿ ಇದೆ, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ, ಸೈನ್ಯದವರೂ ಒಯ್ದಿದ್ದಾರೆ. ಹಗುರವಾಗಿ ಮಾತಾಡಬೇಡಿ.

ಹಳೇ_ಕಸುಬು · ಗೋಕಾಕ

ಅದನ್ನೇ ನಾನೂ ಹೇಳುವುದು. ರಾಜರು ಸಾಕಿದ ಪ್ರಾಣಿಗೆ ಅಂಚೆಚೀಟಿ. ನಾವು ಸಾಕಿದ್ದಕ್ಕೆ ಹಿಡಿಯುವ ಗಾಡಿ.

ಬಿಳಿಜೋಳ · ಬಸವನ ಬಾಗೇವಾಡಿ

👆 ಇದಕ್ಕೆ ಉತ್ತರ ಇಲ್ಲ.

ಕಬ್ಬಿನ_ಗದ್ದೆ · ಖಾನಾಪುರ

ನೀವೆಲ್ಲಾ ಹಂದಿ ಸಾಕುವ ಮಾತಾಡುತ್ತಿದ್ದೀರಿ. ನಮ್ಮ ಕಬ್ಬಿಗೆ ದಿನಾ ರಾತ್ರಿ ಕಾಡುಹಂದಿ ಬರುತ್ತಿದೆ, ಅದಕ್ಕೊಂದು ಉಪಾಯ ಹೇಳಿ. ಹಿಡಿದು ಸಾಕಿದರೆ ಹೇಗೆ? ಕಾಡು ಗಂಡಿಗೆ ಜವಾರಿ ಹೆಣ್ಣು ಬಿಟ್ಟರೆ ರುಚಿ ಜಾಸ್ತಿ ಅಂತಾರೆ.

ಕಟ್ಟೆ_ನಿರ್ವಾಹಕ

ಕಾಡುಹಂದಿ ಹಿಡಿಯುವುದು, ಸಾಕುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಬೇಲಿಗೆ ಕರೆಂಟು ಹರಿಸುವುದೂ ಅಪರಾಧ, ಮನುಷ್ಯರೇ ಸಾಯುತ್ತಾರೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಕೊಡಬಹುದು. ಹೆಚ್ಚಿನ ಮಾತಿಗೆ ಬೇರೆ ಪೋಸ್ಟ್ ಹಾಕಿ.

ದನದ_ಡಾಕ್ಟರ್ · ಅಥಣಿ

ಕಾನೂನು ಬದಿಗಿಡಿ, ಆಫ್ರಿಕನ್ ಜ್ವರ ಕಾಡುಹಂದಿಯಿಂದಲೂ ಬರುತ್ತದೆ. ಕಾಡಂಚಿನವರು ಎರಡು ಬೇಲಿ ಹಾಕಿ, ನಡುವೆ ಜಾಗ ಬಿಡಿ.

ಕ್ಯಾಂಪ್_ಗಲ್ಲಿ · ಬೆಳಗಾವಿ

ಮಾರುವವರ ಕಡೆಯಿಂದ ಮಾತಾಯಿತು, ತಿನ್ನುವವರ ಕಡೆಯಿಂದ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಸೊರ್ಪೊತೆಲ್ (ಹಂದಿ ಮಾಂಸದ ಖಾರದ ಸಾರು) ಆಗಲೇಬೇಕು. ಅದಕ್ಕೆ ಬಿಳಿ ಹಂದಿ ತಂದರೆ ಅಜ್ಜಿ ಮುಖ ತಿರುಗಿಸುತ್ತಿದ್ದರು. ನೀರು ಬಿಡುತ್ತದೆ, ಕೊಬ್ಬು ಕರಗಿ ಮಾಯ ಅನ್ನುತ್ತಿದ್ದರು. ಕರಿ ಹಂದಿಯ ಚರ್ಮ ದಪ್ಪ, ಮೂರನೇ ದಿನಕ್ಕೆ ಸಾರು ಇನ್ನೂ ರುಚಿ. ಗೋವಾದವರು ಚೌರಿಸ್ (ಹಂದಿ ಮಾಂಸದ ಸಾಸೇಜ್) ಮಾಡಲು ಕೊಬ್ಬಿರುವ ಹಂದಿಯನ್ನೇ ಕೇಳುತ್ತಾರೆ.

ಡಿಸೆಂಬರ್‌ನಲ್ಲಿ ಬೇಡಿಕೆ ಏರುತ್ತದೆ. ಆಗ ಮಾರಲು ಸಿಗುವ ಹಾಗೆ ಲೆಕ್ಕ ಹಾಕಿ ಗಂಡಿಗೆ ಬಿಡಿ. ಮತ್ತೆ ದಯವಿಟ್ಟು ಗಂಡುಮರಿಗಳ ಬೀಜ ಸಣ್ಣದಿರುವಾಗಲೇ ತೆಗೆಸಿ. ದೊಡ್ಡ ಗಂಡಿನ ಮಾಂಸಕ್ಕೆ ಒಂದು ಥರ ಮೂತ್ರದ ವಾಸನೆ. ಒಮ್ಮೆ ತಗೊಂಡು ಮೋಸ ಹೋದವರು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ನೆಟ್_ರೈತ · ಜಮಖಂಡಿ

ಸ್ಪೇನಿನ ಇಬೇರಿಕೋ ಕರಿ ಹಂದಿ ನೋಡಿ. ಓಕ್ ಮರದ ಕಾಯಿ ತಿಂದು ಬೆಳೆಯುತ್ತದೆ, ತೊಡೆ ಉಪ್ಪು ಹಾಕಿ ವರ್ಷಗಟ್ಟಲೆ ಒಣಗಿಸಿ ಚಿನ್ನದ ಬೆಲೆಗೆ ಮಾರುತ್ತಾರೆ. ಜಪಾನಿನವರು ಬರ್ಕ್‌ಶೈರ್‌ಗೆ ಕುರೋಬುಟಾ ಅಂತ ಹೆಸರಿಟ್ಟು ದುಬಾರಿ ಮಾಡಿದ್ದಾರೆ. ನಾವು ‘ಕೃಷ್ಣಾ ತೀರದ ಕಬ್ಬಿನ ಹಂದಿ’ ಅಂತ ಬ್ರ್ಯಾಂಡ್ ಮಾಡಬಹುದು!

ಗಾಣದ_ಮನೆ · ಮಹಾಲಿಂಗಪುರ

ಮೊದಲು ಜಮಖಂಡಿಯಲ್ಲಿ ಒಂದು ಕಿಲೋ ಮಾರಿ ತೋರಿಸಿ.

ನೆಟ್_ರೈತ · ಜಮಖಂಡಿ

ಐಡಿಯಾ ಹೇಳಿದೆ ಅಷ್ಟೇ 😐

ಲೆಕ್ಕದ_ಮನುಷ್ಯ · ಚಿಕ್ಕೋಡಿ

ಸಬ್ಸಿಡಿ ಬಗ್ಗೆ ಯಾರೂ ಬರೆದಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಹಂದಿಗೆ ಖರ್ಚಿನ ಅರ್ಧ ಸಿಗುತ್ತದೆ. 50 ಹೆಣ್ಣು 5 ಗಂಡಿನ ಘಟಕಕ್ಕೆ 15 ಲಕ್ಷದವರೆಗೆ, 100 ಹೆಣ್ಣು 10 ಗಂಡಿಗೆ 30 ಲಕ್ಷದವರೆಗೆ. ಮೂರು ಹಂದಿಗೆ ಸೊನ್ನೆ. ಸರ್ಕಾರವೂ ನನ್ನ ಲೆಕ್ಕವನ್ನೇ ಹಾಕಿದೆ.

ಹಳೇ_ಕಸುಬು · ಗೋಕಾಕ

ಅದೇ ಸರ್ಕಾರದ ಜಾನುವಾರು ಗಣತಿ ಓದಿ. 2012ರಿಂದ 2019ಕ್ಕೆ ದೇಶದ ಹಂದಿಗಳು ಶೇಕಡಾ 12 ಇಳಿದು ಸುಮಾರು 90 ಲಕ್ಷಕ್ಕೆ ಬಂದವು. ಮೂರು ನಾಲ್ಕು ಹಂದಿ ಸಾಕುವವನ ಕೈ ಬಿಟ್ಟು 100 ಹಂದಿಯವನ ಕೈ ಹಿಡಿದರೆ ಇನ್ನೇನಾಗುತ್ತದೆ? ನೂರು ಹೆಣ್ಣು ಹಂದಿ ಕಟ್ಟಲು ಜಾಗ ಇದ್ದವನು ಹಂದಿ ಯಾಕೆ ಸಾಕುತ್ತಾನೆ, ಪೆಟ್ರೋಲ್ ಬಂಕ್ ಹಾಕುತ್ತಾನೆ.

ಬಿಳಿಜೋಳ · ಬಸವನ ಬಾಗೇವಾಡಿ

ಸಣ್ಣವರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ದಾರಿ ಇದೆ. 2018-19ರ ಬಜೆಟ್ಟಿನಲ್ಲಿ ಪಶುಪಾಲನೆಗೂ ವಿಸ್ತರಿಸಿದರು, ಹಂದಿಯೂ ಅದರಲ್ಲಿ ಬರುತ್ತದೆ. ಮೇವಿನ ಖರ್ಚಿಗೆ ಸಾಲ ಸಿಗುತ್ತದೆ. ಬ್ಯಾಂಕಿನವರು ಹಂದಿ ಅಂದ ಕೂಡಲೇ ನಗುತ್ತಾರೆ, ನಗಲಿ. ಅರ್ಜಿ ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ.

ಕಾಡಂಚು · ಖಾನಾಪುರ

@ಮಲಪ್ರಭಾ_ದಂಡೆ ಒಂದು ಎಚ್ಚರಿಕೆ. ಒಂದೇ ಗಂಡು ಇಟ್ಟುಕೊಂಡರೆ ಎರಡು ವರ್ಷದೊಳಗೆ ಅದರ ಮಗಳೇ ಬೆದೆಗೆ ಬರುತ್ತಾಳೆ. ಅಪ್ಪನಿಗೇ ಬಿಟ್ಟರೆ ಮರಿ ಕಡಿಮೆ, ಬಡಕಲು, ಅಂಡವಾಯು. ಬಿಳಿ ಹಂದಿಗಿಂತ ತಳಿಗೆ ಇದೇ ದೊಡ್ಡ ಶತ್ರು. ಬೇರೆ ಊರಿನವರ ಜೊತೆ ಗಂಡು ಅದಲುಬದಲು ಮಾಡಿಕೊಳ್ಳಿ. ಯಾವ ಹೆಣ್ಣು, ಯಾವ ಗಂಡು, ಯಾವ ತಾರೀಕು, ಎಷ್ಟು ಮರಿ, ಎಷ್ಟು ಉಳಿದವು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯದಿದ್ದರೆ ನೀವು ಸಾಕಿದ್ದು ಬರೀ ಕರಿ ಹಂದಿ.

ಬೆದೆ 21 ದಿನಕ್ಕೊಮ್ಮೆ. ಗುರುತಿಸುವುದು ಸುಲಭ. ಹಿಂದಿನಿಂದ ಹೋಗಿ ಬೆನ್ನ ಮೇಲೆ ಎರಡೂ ಅಂಗೈ ಒತ್ತಿ. ಓಡಿದರೆ ಇನ್ನೂ ಬಂದಿಲ್ಲ. ಕಿವಿ ನಿಮಿರಿಸಿ ಕಲ್ಲಿನ ಹಾಗೆ ನಿಂತರೆ ಅವತ್ತೇ ಗಂಡಿಗೆ ಬಿಡಿ, ಮಾರನೇ ದಿನ ಇನ್ನೊಮ್ಮೆ.

ಮಲಪ್ರಭಾ_ದಂಡೆ · ಸವದತ್ತಿ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಈಗ ಲೆಕ್ಕ ಹೀಗಿದೆ. ಬೇಸಿಗೆ ಮುಗಿಯುವವರೆಗೆ ಹಂದಿ ಇಲ್ಲ. ಮೊದಲು ಟ್ಯಾಂಕ್, ಬೇಲಿ, ಬೇವಿನ ಮರದ ಕೆಳಗೆ ಶೆಡ್. ಪಕ್ಕದ ಹೊಲದವರ ಹತ್ತಿರ ಮುಂಚೆಯೇ ಮಾತಾಡುತ್ತೇನೆ, ಶೆಡ್ ಅವರ ಬದುವಿನಿಂದ ದೂರ ಹಾಕುತ್ತೇನೆ. ಮಳೆ ಬಿದ್ದ ಮೇಲೆ @ಹಳೇ_ಕಸುಬು ಅವರ ಜೊತೆ ಹೋಗಿ ಎರಡು ಹೆಣ್ಣು ತರುವುದು, ಮೂರಲ್ಲ. ಗಂಡು ಸದ್ಯಕ್ಕೆ ಬೇಡ, ಹೆಣ್ಣು ಬೆದೆಗೆ ಬಂದಾಗ ಬೇರೆಯವರ ಗಂಡಿನ ಹತ್ತಿರ ಒಯ್ದು ಕೊಡಿಸಿಕೊಂಡು ಬರುತ್ತೇನೆ. ಸರಿನಾ?

ದನದ_ಡಾಕ್ಟರ್ · ಅಥಣಿ

ಎಲ್ಲಾ ಸರಿ, ಕೊನೆಯದು ಬಿಟ್ಟು. ಬೇರೆಯವರ ಮನೆಗೆ ಹೆಣ್ಣು ಒಯ್ದು ತಂದರೆ ರೋಗವನ್ನೂ ತಂದ ಹಾಗೆ. ಒಂದು ಎಳೆ ಗಂಡು ನಿಮ್ಮಲ್ಲೇ ಇರಲಿ. ತಂದ ಹಂದಿಗಳನ್ನು ಒಂದು ತಿಂಗಳು ಬೇರೆ ಇಟ್ಟು ನೋಡಿ, ಆಮೇಲೆ ಸೇರಿಸಿ. ಗಾಡಿಯಲ್ಲಿ ತರುವುದು ರಾತ್ರಿ, ಹೊಟ್ಟೆ ಖಾಲಿ ಇರುವಾಗ.

ಲೆಕ್ಕದ_ಮನುಷ್ಯ · ಚಿಕ್ಕೋಡಿ

ನನ್ನದೊಂದು ಪಂದ್ಯ. ಒಂದು ಬಿಳಿ ಮರಿಯನ್ನೂ ಜೊತೆಗೆ ಕಟ್ಟಿ. ಅದೇ ಮೇವು, ಅದೇ ನೀರು. ತಿಂಗಳಿಗೊಮ್ಮೆ ಎರಡರ ತೂಕವನ್ನೂ ಮೇವಿನ ಖರ್ಚನ್ನೂ ಇಲ್ಲೇ ಹಾಕಿ. ಮರಿಯ ದುಡ್ಡು ನಾನು ಕೊಡುತ್ತೇನೆ.

ದ್ರಾಕ್ಷಿ_ತೋಟ · ತಿಕೋಟಾ

ಕೊಡಿ. ಆದರೆ ಪಂದ್ಯ ಮೇ ತಿಂಗಳು ದಾಟಬೇಕು. ಮಳೆಗಾಲದಲ್ಲಿ ಗೆದ್ದೆ ಅನ್ನಬೇಡಿ.

ದನದ_ಡಾಕ್ಟರ್ · ಅಥಣಿ

ಹೊರಗಿನ ಹಂದಿಯ ಜೊತೆ ರೋಗವೂ ಬರುತ್ತದೆ ಅಂತ ಈಗಷ್ಟೇ ಹೇಳಿದೆನಲ್ಲ ಮಾರಾಯರೇ!

ಲೆಕ್ಕದ_ಮನುಷ್ಯ · ಚಿಕ್ಕೋಡಿ

ಹಾಗಾದರೆ ನನ್ನ ಶೆಡ್‌ಗೆ ಒಂದು ಜವಾರಿ ಮರಿ ಕಳಿಸಿ. ತಿಂಗಳು ಬೇರೆ ಇಟ್ಟು, ಇಲ್ಲೇ ತೂಗುತ್ತೇನೆ.

ಹಳೇ_ಕಸುಬು · ಗೋಕಾಕ

ಕಳಿಸುವುದಿಲ್ಲ. ಬಂದು ದುಡ್ಡು ಕೊಟ್ಟು ಒಯ್ಯಿರಿ. ಚೌಕಾಸಿ ಇಲ್ಲ ಅಂತ ಮೇಲೆಯೇ ಬರೆದಿದ್ದೇನೆ.